ಕೆಂಪಿಗೊಂದು ತುತ್ತು

ಉದಕಮಂಡಲದ ಹರಾಜು ಅಂಗಡಿಯ ಗುಮಾಸ್ತೆ ಗುರುಮಲ್ಲಪ್ಪನಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಅವನ ಸಾಲುಮನೆಯ ಜನರ ನಂಬಿಕೆಯಾಗಿತ್ತು. ಗುರುಮಲ್ಲಪ್ಪನದೂ ಹೆಚ್ಚುಕಡಿಮೆ ಅದೇ ನಂಬಿಕೆ. ಮೇಜು, ಕುರ್ಚಿ, ಮಂಚ, ಹೂದಾನಿ, ಹೀಗೆ ಹರಾಜಿಗೆ ಬರುವ ಯಾವ ಸಾಮಾನಿಗೂ ಅವನು ಇಂಗ್ಲಿಷಿನಲ್ಲಿ ಹೆಸರು ಹೇಳಬಲ್ಲ. ಕ್ರಿಯಾಪದಗಳ ತಂಟೆಗೆ ಮಾತ್ರ ಹೋದವನಲ್ಲ. ಹರಾಜಿನ ಸಾಮಾನು ಇದ್ದಲ್ಲೇ ಇರುತ್ತದೆಯೇ ಹೊರತು ಏನನ್ನೂ ಮಾಡುವುದಿಲ್ಲವಾದ್ದರಿಂದ ಅವನಿಗೆ ಅವುಗಳ ಅಗತ್ಯವೂ ಬಿದ್ದಿರಲಿಲ್ಲ.

ಹೀಗಿರುವಾಗ, ಮಳೆ ಹಿಡಿದ ಒಂದು ದಿನ, ಇದ್ದಲ್ಲಿ ಇರದ ಸಾಮಾನೊಂದು ಅಂಗಡಿಗೆ ಬಂತು. ಲವ್‌ಡೇಲ್ ಕಡೆಯ ಬಂಗಲೆಯೊಂದರ ಮುದಿ ದೊರೆಸಾನಿ ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೊರಟಿದ್ದಳು. ಅವಳ ಮಂಚ ಹೋಯಿತು, ಪಿಯಾನೊ ಹೋಯಿತು, ತೀರಿಹೋದ ಗಂಡನ ಕೋವಿ ಹೋಯಿತು. ಕೊನೆಗೆ ಉಳಿದದ್ದು ಒಂದು ಗಾಜಿನ ಬೋಗುಣಿ, ಅದರೊಳಗೆ ಸುತ್ತು ಹಾಕುತ್ತಿದ್ದ ಹೆಬ್ಬೆರಳುದ್ದದ ಒಂದು ಕೆಂಪು ಮೀನು. ಬಂಗಾರದ ಮೀನು ಅನ್ನುತ್ತಾರಲ್ಲ, ಆ ಜಾತಿಯದು. ಯಾರೂ ಸವಾಲು ಕೂಗಲಿಲ್ಲ. ದೊರೆಸಾನಿ ಬೋಗುಣಿಯನ್ನೆತ್ತಿ, ಹತ್ತಿರ ನಿಂತಿದ್ದ ಗುರುಮಲ್ಲಪ್ಪನ ಕೈಯಲ್ಲಿಟ್ಟು, ಕಣ್ಣೊರೆಸಿಕೊಳ್ಳುತ್ತ ಬಹಳ ಹೊತ್ತು ಮಾತಾಡಿದಳು. ಮೀನಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ಹಾಕಲೇಬಾರದು, ಎಲ್ಲವನ್ನೂ ಹೇಳಿರಬೇಕು. ಆ ಮಾತಿನ ತುಂಬ ಬರೀ ಕ್ರಿಯಾಪದಗಳೇ ಇದ್ದವು. ಗುರುಮಲ್ಲಪ್ಪ ಒಂದೊಂದಕ್ಕೂ ತಲೆಯಾಡಿಸಿ 'ಯೆಸ್ ಮೇಡಂ' ಅಂದ.

ಬೋಗುಣಿಯನ್ನು ಕಂಬಳಿಯಡಿ ಇಟ್ಟುಕೊಂಡು ಮನೆಗೆ ಬರುವಾಗ ಪಕ್ಕದ ಮನೆಯ ಕಮಲಂ ನಲ್ಲಿಯ ಹತ್ತಿರ ಸಿಕ್ಕಳು. ರೈಲ್ವೆಯಲ್ಲಿ ಸಿಗ್ನಲ್ಲಿನ ಕೈಮರ ಎತ್ತುವವನ ಹೆಂಡತಿ ಆಕೆ. ಗಂಡ ಯಾವ ರೈಲನ್ನು ಬೇಕಾದರೂ ಬಿಟ್ಟಾನು, ಕಮಲಂ ಯಾರನ್ನೂ ನಿಲ್ಲಿಸದೆ ಬಿಡುವವಳಲ್ಲ.

"ಏನು ಸಾಮಿ ಅದು? ಮೀನಾ? ಅಯ್ಯಯ್ಯೋ, ನೀವು ಲಿಂಗ ಕಟ್ಟೋರಲ್ವಾ!"

"ನೋಡೋಕೆ ಕಣಮ್ಮ, ತಿನ್ನೋಕಲ್ಲ."

"ತಿನ್ನದೆ ಇರೋ ಮೀನನ್ನ ಸಾಕೋದು ಹೆಂಗೆ ಅಂತ ಗೊತ್ತಾ ನಿಮಗೆ?"

"ದೊರೆಸಾನಿ ಎಲ್ಲಾ ವಿವರವಾಗಿ ಹೇಳಿದ್ದಾಳೆ" ಅಂದ ಗುರುಮಲ್ಲಪ್ಪ. ಇದು ಸುಳ್ಳಲ್ಲ. ದೊರೆಸಾನಿ ಹೇಳಿದ್ದು ನಿಜ. ಕೇಳಿಸಿಕೊಂಡವನಿಗೆ ತಿಳಿಯಲಿಲ್ಲ ಎಂಬುದು ಬೇರೆ ವಿಷಯ. ಅದನ್ನು ಕಮಲಂ ಕೇಳಲಿಲ್ಲ, ಇವನು ಹೇಳಲಿಲ್ಲ. ಆದರೆ ಆ ಒಂದು ಮಾತಿನಿಂದ, ಮುಂದೆ ಈ ಮೀನಿನ ವಿಷಯದಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟು ಕೇಳುವ ದಾರಿಯನ್ನು ಅವನು ತಾನೇ ಮುಚ್ಚಿಕೊಂಡ.

ಮೀನನ್ನು ಮನೆಗೆ ತಂದದ್ದಕ್ಕೆ ಕಾರಣವಿತ್ತು. ಹಿಂದಿನ ಮಳೆಗಾಲದ ಜ್ವರದಲ್ಲಿ ಹೆಂಡತಿ ಲಿಂಗಮ್ಮ ತೀರಿಕೊಂಡಿದ್ದಳು. ಮಗಳು ಚೆನ್ನಾಜಿಗೆ ಇನ್ನೂ ಐದು ತುಂಬಿರಲಿಲ್ಲ. ಅವತ್ತಿನಿಂದ ಹುಡುಗಿ ಊಟಕ್ಕೆ ಕೂತರೆ ಬಾಯಿ ಬಿಡುತ್ತಿರಲಿಲ್ಲ. ಅಳು ಇಲ್ಲ, ಹಟ ಇಲ್ಲ. ಬಾಯಿ ಮುಚ್ಚಿಕೊಂಡು ತಟ್ಟೆಯನ್ನೇ ನೋಡುತ್ತ ಕೂರುವುದು. ಮಕ್ಕಳು ಅತ್ತರೆ ಸಮಾಧಾನ ಮಾಡಬಹುದು. ಸುಮ್ಮನೆ ಕೂತ ಮಗುವಿನೆದುರು ದಿನಾ ಅನ್ನ ಆರುವುದನ್ನು ನೋಡುವುದು, ಇಡೀ ದಿನ ದುಡಿದು ಬಂದ ಯಾರಿಗೂ ಬೇಡ.

ಲಿಂಗಮ್ಮನ ವರ್ಷದ ಕಾರ್ಯಕ್ಕೆ ಗುಂಡ್ಲುಪೇಟೆಯಿಂದ ಬಂದಿದ್ದ ಅಕ್ಕ ಸಿದ್ದಾಜಮ್ಮ ಮಗುವಿನ ರಟ್ಟೆ ಹಿಡಿದು ನೋಡಿ, ಹೊರಡುವಾಗ ಹೇಳಿಯೇ ಹೋಗಿದ್ದಳು: "ಶ್ರಾವಣಕ್ಕ ತಿರುಗ ಬತ್ತಿನಿ ಕನ. ಅಷ್ಟೊತ್ಗ ಮೊಗ ನನ್ನ ಕಣ್ಮುಂದ ಕುಂತು ಒಂದು ಹೊತ್ತು ಹೊಟ್ಟ ತುಂಬ ಉಣ್ಬೇಕು. ಉಂಡ್ರ ಸರಿ, ಬುಟ್ಟೋಯ್ತಿನಿ. ಇಲ್ಲಾಂದ್ರ ಕರ್ಕಂಡು ಹೋಯ್ತಿನಿ. ನೀ ತಡೆಯಂಗಿಲ್ಲ." ಸಿದ್ದಾಜಮ್ಮ ಆಡಿದ ಮಾತು ತಪ್ಪಿದ್ದನ್ನು ಗುಂಡ್ಲುಪೇಟೆಯಲ್ಲಿ ನೋಡಿದವರಿಲ್ಲ. ಗುರುಮಲ್ಲಪ್ಪನಿಗೆ ಈ ಲೋಕದಲ್ಲಿ ಉಳಿದಿದ್ದುದು ಈ ಮಗು ಒಂದೇ.

ಬೋಗುಣಿಯನ್ನು ತಂದು ನೆಲಕ್ಕಿಟ್ಟಾಗ ಚೆನ್ನಾಜಿ ಅದರ ಮುಂದೆ ಕೂತಳು. ಮೀನು ಬಾಯಿ ಬಿಟ್ಟು ಮುಚ್ಚಿತು. ಹುಡುಗಿಯೂ ಬಾಯಿ ಬಿಟ್ಟು ಮುಚ್ಚಿದಳು. "ಕೆಂಪಿ" ಅಂದಳು. ಗುರುಮಲ್ಲಪ್ಪನಿಗೆ ಲಿಂಗಮ್ಮ ಮಾಡುತ್ತಿದ್ದ ಒಂದು ಉಪಾಯ ನೆನಪಾಯಿತು. ಗುಬ್ಬಿಗೊಂದು ತುತ್ತು, ಹಸುವಿಗೊಂದು ತುತ್ತು, ಚೆನ್ನಾಜಿಗೊಂದು ತುತ್ತು ಎಂದು ಕೈ ಆಡಿಸುತ್ತ ಉಣಿಸುವುದು. ಇವನು ಅನ್ನ ಕಲಸಿ ಶುರುಮಾಡಿದ: "ಕೆಂಪಿಗೊಂದು ತುತ್ತು, ಚೆನ್ನಾಜಿಗೊಂದು ತುತ್ತು." ಹುಡುಗಿ ಬಾಯಿ ತೆರೆದಳು!

ಇಲ್ಲಿಯವರೆಗೆ ಯಾರ ಮನೆಯಲ್ಲಾದರೂ ನಡೆಯುವಂಥದ್ದೇ. ಆದರೆ ಎಲ್ಲ ತಾಯಂದಿರಿಗೂ ತಿಳಿದಿರುವ ಒಂದು ಗುಟ್ಟು ಹರಾಜು ಅಂಗಡಿಯ ಗುಮಾಸ್ತೆಗೆ ತಿಳಿದಿರಲಿಲ್ಲ. ಗುಬ್ಬಿಯ ತುತ್ತು ಗುಬ್ಬಿಗೆ ಹೋಗುವುದಿಲ್ಲ. ಅದು ಗಾಳಿಯಲ್ಲಿ ಒಂದು ಸುತ್ತು ಹಾಕಿ ಮಗುವಿನ ಬಾಯಿಗೇ ಬರುತ್ತದೆ. ಹರಾಜಿನಲ್ಲಿ ಹಾಗಲ್ಲ. ಒಮ್ಮೆ ಒಬ್ಬರ ಹೆಸರು ಕೂಗಿ ಸುತ್ತಿಗೆ ಬಿತ್ತೋ, ಸಾಮಾನು ಅವರದೇ. ಇಷ್ಟು ವರ್ಷ ಅದೇ ಧರ್ಮದಲ್ಲಿ ನಡೆದುಕೊಂಡು ಬಂದ ಗುರುಮಲ್ಲಪ್ಪ, 'ಕೆಂಪಿಗೊಂದು ತುತ್ತು' ಎಂದು ಕೂಗಿದ ಪ್ರತಿ ಸಲವೂ ಕೆಂಪಿಗೆ ಒಂದು ತುತ್ತು ಹಾಕಿದ. ತುಪ್ಪ ಹಾಕಿ ಕಲಸಿದ ಅನ್ನ. ಎರಡು ಹೊತ್ತೂ.

ಹುಡುಗಿಯ ಕೆನ್ನೆ ಸ್ವಲ್ಪ ತುಂಬಿಕೊಂಡಿತು. ಕೆಂಪಿಯ ಹೊಟ್ಟೆ ಅದಕ್ಕಿಂತ ಬೇಗ ತುಂಬಿಕೊಂಡಿತು. ಮೊದಮೊದಲು ಬಾಲ ಮೇಲಾಗಿ ತಲೆ ಕೆಳಗಾಗಿ ಈಜಿತು. ಚೆನ್ನಾಜಿ ಚಪ್ಪಾಳೆ ತಟ್ಟಿದಳು. ಆಮೇಲೆ ಒಂದು ಬೆಳಿಗ್ಗೆ ಮಗ್ಗುಲಾಗಿ, ಬಿಳಿ ಹೊಟ್ಟೆ ಮೇಲಕ್ಕೆ ತೋರಿಸುತ್ತ, ನೀರಿನ ಮೇಲೆ ತೇಲುತ್ತಿತ್ತು. ಕಿವಿರು ಮಾತ್ರ ಆಡುತ್ತಿತ್ತು. ತುತ್ತು ಹಾಕಿದರೆ ಮುಖದ ಮುಂದೆಯೇ ಮುಳುಗಿ ಹೋಯಿತು.

"ಕೆಂಪಿ ಉಣ್ಣಲ್ಲ" ಅಂದಳು ಚೆನ್ನಾಜಿ. ಬಾಯಿ ಮುಚ್ಚಿಕೊಂಡಳು.

ಶ್ರಾವಣ ಬಾಗಿಲಿಗೆ ಬಂದು ನಿಂತಿತ್ತು.

ಗುರುಮಲ್ಲಪ್ಪ ಮೊದಲು ಹೋದದ್ದು ಮಾರ್ಕೆಟ್ಟಿನ ಮೀನಿನ ಅಂಗಡಿಗೆ. ಮೀನಿನ ಬಗ್ಗೆ ಮೀನಿನವನನ್ನಲ್ಲದೆ ಇನ್ನಾರನ್ನು ಕೇಳಬೇಕು? ಮೂಗಿಗೆ ಶಲ್ಯ ಒತ್ತಿ ಹಿಡಿದು, ಹುಟ್ಟಿದ ಮೇಲೆ ಮೊದಲ ಸಲ ಆ ಸಾಲಿಗೆ ಕಾಲಿಟ್ಟ. ಕಲ್ಲಿಕೋಟೆಯ ಕಡೆಯ ಮೀನಿನವನು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಣೆಯ ವಿಭೂತಿಯ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಮೀನು ಮಗ್ಗುಲಾಗಿ ತೇಲಿದ್ರೆ ಏನು ಮಾಡಬೇಕು?"

"ಸತ್ತು ಎಷ್ಟು ಹೊತ್ತಾಯ್ತು?"

"ಸತ್ತಿಲ್ಲ."

"ಹಂಗಾದ್ರೆ ಸ್ವಲ್ಪ ಕಾಯಿರಿ."

"ಅಲ್ಲಪ್ಪ, ಅದು ಬದುಕಬೇಕು."

ಮೀನಿನವನ ವ್ಯಾಪಾರದಲ್ಲಿ ಇಂಥ ಗಿರಾಕಿ ಬಂದದ್ದು ಇದೇ ಮೊದಲು. ಅವನು ಯೋಚನೆ ಮಾಡಿ, ಮುಂದಿದ್ದ ಮೀನೊಂದರ ಹೊಟ್ಟೆ ಸೀಳಿ, ಒಳಗಿಂದ ಬೆಳ್ಳಗಿನ ಸಣ್ಣ ಚೀಲವೊಂದನ್ನು ಎತ್ತಿ ತೋರಿಸಿದ. "ನೋಡಿ, ಇದು ಗಾಳಿಚೀಲ. ಇದಿರೋದ್ರಿಂದಾನೇ ಮೀನು ನೀರಲ್ಲಿ ನೆಟ್ಟಗೆ ನಿಲ್ಲೋದು. ಹೊಟ್ಟೆ ಉಬ್ಬಿ ಇದನ್ನ ಒತ್ತಿದ್ರೆ ಮಗುಚಿಕೊಳ್ತದೆ."

"ಮಗುಚಿಕೊಂಡಾಗ?"

"ಹಿಡಿಯೋಕೆ ಸುಲಭ" ಅಂದು ಚೀಲವನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ತುಳಿದ. ಪಟ್ ಎಂದು ಸದ್ದಾಯಿತು.

ಗುರುಮಲ್ಲಪ್ಪನಿಗೆ ಕಣ್ಣು ಕತ್ತಲೆ ಬಂತು. ಅಂಗಡಿಯ ಹಲಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಸೀಳಿದ ಮೀನಿನ ಮೇಲೆ ಬಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಈ ಭಂಗಿಯಲ್ಲೇ ಕಮಲಂ ಅವನನ್ನು ಕಂಡದ್ದು. ನಲ್ಲಿಯ ಹತ್ತಿರ ಅವಳು ಸಾಲುಮನೆಗೆಲ್ಲ ವರದಿ ಒಪ್ಪಿಸಿದಳು: "ಮೊದಲು ನೋಡೋಕೆ ಅಂತಾನೇ ತಂದಿದ್ದು. ನೋಡ್ತಾ ನೋಡ್ತಾ ಆಸೆ ಹತ್ತಿದೆ. ಪಾವಂ, ಪಾಪ, ಬಾಯಲ್ಲಿ ಬಂದ ನೀರು ಕಣ್ಣಿಗೂ ಬಂದುಬಿಟ್ಟಿತ್ತು. ಹೆಂಡತಿ ಇಲ್ಲದ ಗಂಡಸು, ಯಾರು ಹೇಳೋರು ಕೇಳೋರು?"

ಆದರೂ ಒಂದು ವಿಷಯ ಗೊತ್ತಾಯಿತಲ್ಲ, ಹೊಟ್ಟೆ ಉಬ್ಬರ! ಅದಕ್ಕೆ ಔಷಧ ಕೊಡುವ ಜಾಗ ಊರಲ್ಲಿ ಒಂದಿತ್ತು. ಬೇಟೆಯ ಕುದುರೆ, ರೇಸಿನ ಕುದುರೆಗಳ ಆಸ್ಪತ್ರೆ. ಅಲ್ಲಿಯ ಕಂಪೌಂಡರ್ ಧರ್ಮಲಿಂಗಂ, ದಪ್ಪ ಮೀಸೆಯ, ಕಾಕಿ ಕೋಟಿನ, ತನ್ನನ್ನು ಡಾಕ್ಟರೆಂದೇ ಕರೆಯಬೇಕೆಂದು ಬಯಸುವ ಮನುಷ್ಯ. ಗುರುಮಲ್ಲಪ್ಪ ಹೋದಾಗ ಸುತ್ತ ಕುದುರೆಯಾಳುಗಳು ನಿಂತಿದ್ದರು, ಪ್ರತಿಯೊಬ್ಬರ ಹಿಂದೆ ಹೊಗೆಯುಸಿರು ಬಿಡುತ್ತ ಮಾಳಿಗೆಯಷ್ಟೆತ್ತರದ ಕುದುರೆ. ಅವರೆದುರಿಗೆ 'ಮೀನು' ಎನ್ನಲು ಅವನಿಗೆ ನಾಚಿಕೆಯಾಯಿತು.

"ಏನಯ್ಯಾ ತೊಂದರೆ?" ಅಂದ ಧರ್ಮಲಿಂಗಂ.

"ಹೊಟ್ಟೆ ಉಬ್ಬರ. ನೆಟ್ಟಗೆ ನಿಲ್ಲೋಕಾಗ್ತಿಲ್ಲ, ಮಗ್ಗುಲಾಗಿಬಿಟ್ಟಿದೆ."

"ಯಾರದು?"

"ಲವ್‌ಡೇಲ್ ಕಡೆ ಒಬ್ಬ ದೊರೆಸಾನೀದು. ಸೀಮೆಗೆ ಹೋಗುವಾಗ ನನ್ನ ಕೈಲಿ ಕೊಟ್ಟುಹೋದಳು."

ಧರ್ಮಲಿಂಗಂ ನೆಟ್ಟಗೆ ಕೂತ. ಮಾತಿಗೆ ಮರ್ಯಾದೆ ಬಂತು. "ಬಣ್ಣ ಏನು ಸರ್?"

"ಕೆಂಪು."

"ಚೆನ್ನಾಗಿ ಓಡ್ತಿತ್ತಾ?"

"ಓಡೋದಂದ್ರೆ... ಸುತ್ತು ಹಾಕ್ತಿತ್ತು. ಬೆಳಗಿಂದ ಸಂಜೆವರೆಗೂ."

"ರೇಸಿನದು!" ಅಂದ ಧರ್ಮಲಿಂಗಂ ಕುದುರೆಯಾಳುಗಳ ಕಡೆ ತಿರುಗಿ. "ಕಾಲು ನೋಡಿದ್ರಾ? ಕಾಲಲ್ಲಿ ಊತ ಏನಾದ್ರೂ?"

"ಕಾಲಿನದೇನೂ ತೊಂದರೆ ಇಲ್ಲ" ಅಂದ ಗುರುಮಲ್ಲಪ್ಪ. ಇದೂ ಸುಳ್ಳಲ್ಲ.

"ಮೇವೇನು ಹಾಕ್ತಿದ್ರಿ?"

"ತುಪ್ಪ ಅನ್ನ."

ಕಂಪೌಂಡರ್ ಧರ್ಮಲಿಂಗಂ ಹಣೆ ಹಣೆ ಚಚ್ಚಿಕೊಂಡ. "ಕಡವುಳೇ! ಅಂಥಾ ಜಾತಿಗೆ ತುಪ್ಪ ಅನ್ನವಾ? ಕೇಳಿ ಸರ್. ಮೇವು ಪೂರಾ ನಿಲ್ಲಿಸಿ. ಬೆಚ್ಚಗಿಡಿ. ಉಬ್ಬರ ಇಳಿದ ಮೇಲೆ ಹಸಿರು, ಅದೂ ಎಳೇದು, ಸ್ವಲ್ಪವೇ ಸ್ವಲ್ಪ. ಸೋಮವಾರ ನಾನೇ ಬಂದು ನೋಡ್ತೀನಿ."

"ಅಯ್ಯೋ, ನೀವು ಬರೋದು ಬೇಡ!"

"ದೊರೆಸಾನಿಯ ಪ್ರಾಣಿ. ಬರದೆ ಇರೋಕಾಗತ್ತಾ?"

ಸಂಜೆಯ ಹೊತ್ತಿಗೆ ಸಾಲುಮನೆಗೆ ಎರಡನೆಯ ಸುದ್ದಿ ಬಂತು. ಮೀನು ತಿನ್ನಲು ಕಲಿತ ಗುರುಮಲ್ಲಪ್ಪ ಈಗ ರೇಸಿನ ಕುದುರೆಯನ್ನೂ ಕೊಂಡಿದ್ದಾನೆ. ಕೆಟ್ಟ ಚಾಳಿಗಳು ಒಂದರ ಹಿಂದೆ ಒಂದು ಬರುತ್ತವೆಂದು ಎಲ್ಲರೂ ಮೊದಲಿನಿಂದ ಬಲ್ಲವರಾದ್ದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವನ ಮನೆಯ ಹಿತ್ತಲಲ್ಲಿ ಒಗೆಯುವ ಕಲ್ಲಿಗೇ ಜಾಗ ಸಾಲದು. ಕುದುರೆ ಎಲ್ಲಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಅವನು ಮೀನಿನ ಮೇವು ನಿಲ್ಲಿಸಿದ. ಮಗಳ ಊಟ ತಾನಾಗಿ ನಿಂತಿತು. ಕೆಂಪಿಗೆ ಇಲ್ಲದ ತುತ್ತು ಚೆನ್ನಾಜಿಗೂ ಬೇಡ. ಮೀನಿಗೆ ಉಣಿಸಿದರೆ ಮೀನು ಸಾಯುತ್ತದೆ, ಉಣಿಸದಿದ್ದರೆ ಮಗು ಉಪವಾಸ. ಗುರುಮಲ್ಲಪ್ಪ ಒಲೆಯ ಮುಂದೆ ಕೂತು ಎರಡನ್ನೂ ಹಿಂದು ಮುಂದು ಮಾಡಿ ನೋಡಿದ. ಹೊರಗೆ ಮಂಜು ಕಿಟಕಿಗೆ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡಿತ್ತು. ಹಗ್ಗದ ಮೇಲೆ ಹಾಕಿದ ಮಗುವಿನ ಲಂಗ ವಾರದಿಂದ ಒಣಗಿರಲಿಲ್ಲ.

ಸೋಮವಾರ ಮಧ್ಯಾಹ್ನ ಮೈಸೂರು ಮೋಟಾರಿನಿಂದ ಸಿದ್ದಾಜಮ್ಮ ಇಳಿದಳು. ಸೊಂಟದ ಮೇಲೆ ಒಂದು ಕುಕ್ಕೆ, ಅದರ ತುಂಬ ಮಗುವಿಗೆಂದು ರಾಗಿಹಿಟ್ಟು, ಬೆಲ್ಲ, ಚಕ್ಕುಲಿ. ನಲ್ಲಿಯನ್ನು ದಾಟುವಷ್ಟರಲ್ಲಿ ಕಮಲಂ ಅವಳಿಗೆ ಎಲ್ಲ ಹೇಳಿ ಮುಗಿಸಿದ್ದಳು.

"ಯಾನ್ಲಾ ಮಲ್ಲಪ್ಪ!" ಬಾಗಿಲಲ್ಲೇ ಕುಕ್ಕೆ ಕುಕ್ಕಿದಳು. "ಮೀನು ತಿಂದಿಯಂತ! ಕುದ್ರ ತಕ್ಕಂಡಿಯಂತ! ನಮ್ಮಪ್ಪ ಇದ್ದಿದ್ರ ನಿನ್ನ ಚರ್ಮ ಸುಲೀತಿದ್ದ ಕನ!"

"ಅಕ್ಕ, ನಾನು ಮೀನು ತಿಂದಿಲ್ಲ. ನನ್ನ ಹತ್ರ ಕುದುರೆ ಇಲ್ಲ."

"ಮತ್ತ ಮೊಗ ಯಾಕ ಹಿಂಗದ?"

ಚೆನ್ನಾಜಿ ಬೋಗುಣಿಯ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ಕುತ್ತಿಗೆಯ ಮೂಳೆ ಕಾಣುತ್ತಿತ್ತು.

ಅಷ್ಟರಲ್ಲಿ ದೊಡ್ಡ ಕೊಡೆಯೊಂದು ಬಾಗಿಲನ್ನು ತುಂಬಿಕೊಂಡು ಒಳಗೆ ಬಂತು. ಅದರಡಿ ಕಾಕಿ ಕೋಟು, ಒಂದು ಕೈಯಲ್ಲಿ ಹಗ್ಗದ ಸುರುಳಿ, ಇನ್ನೊಂದರಲ್ಲಿ ದನ ಕುದುರೆಗಳ ಬಾಯಿಗೆ ಔಷಧ ಹೊಯ್ಯುವ ಮೊಳದುದ್ದದ ಬಿದಿರಿನ ಗೊಟ್ಟ.

"ಎಲ್ಲಿದೆ ಸರ್?" ಅಂದ ಧರ್ಮಲಿಂಗಂ.

"ಯಾವ್ದು?" ಅಂದಳು ಸಿದ್ದಾಜಮ್ಮ.

"ಕುದುರೆ."

"ಅಯ್ಯೋ ನನ್ನ ತಮ್ಮ ಕೆಟ್ಟ!" ಎಂದು ಸಿದ್ದಾಜಮ್ಮ ಕುಕ್ಕೆಯ ಮೇಲೆ ಕೂತುಬಿಟ್ಟಳು. ಒಳಗಿದ್ದ ಚಕ್ಕುಲಿಗಳು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಗುರುಮಲ್ಲಪ್ಪ ಬೋಗುಣಿಯ ಕಡೆ ಬೆರಳು ತೋರಿಸಿದ. ಧರ್ಮಲಿಂಗಂ ಬಗ್ಗಿ ನೋಡಿದ. ಗೊಟ್ಟವನ್ನು ನೋಡಿದ. ತಿರುಗಿ ಮೀನನ್ನು ನೋಡಿದ. ಗೊಟ್ಟದೊಳಗೆ ಅಂಥ ಮೀನುಗಳನ್ನು ಸಾಲಾಗಿ ಮಲಗಿಸಬಹುದಿತ್ತು. ಮಾಡಿನ ತಗಡಿನ ಮೇಲೆ ಮಳೆ ಬೀಳುತ್ತಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಬೈಯುತ್ತಿದ್ದರು. ಆದರೆ ಕಾಕಿ ಕೋಟು ಹಾಕಿ, ಊರ ಮಧ್ಯೆ ಗೊಟ್ಟ ಹಿಡಿದು ಬಂದವನು ಮೀನಿಗೋಸ್ಕರ ಬಂದೆನೆಂದು ಒಪ್ಪಿಕೊಳ್ಳುವುದೆಂತು? ಅವನು ಗಂಟಲು ಸರಿಪಡಿಸಿಕೊಂಡ.

"ಹೊಟ್ಟೆ ಉಬ್ಬರ ಅಂದ್ರೆ ಉಬ್ಬರಾನೇ" ಅಂದ ಗಂಭೀರವಾಗಿ. "ಪ್ರಾಣಿ ದೊಡ್ಡದೋ ಚಿಕ್ಕದೋ, ಸರ್ಕಾರಕ್ಕೆ ಅದು ಮುಖ್ಯ ಅಲ್ಲ. ನಾನು ಹೇಳಿದ್ದು ಹೇಳಿದ್ದೇ. ಮೇವು ಇಲ್ಲ, ಬೆಚ್ಚಗೆ, ಆಮೇಲೆ ಎಳೇ ಹಸಿರು." ಹಗ್ಗವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಇದೇ ಹೊತ್ತಿಗೆ ಇತ್ತಲಾರಿನ ನಂಜ ತಲೆಯ ಮೇಲೆ ಬಟಾಣಿಯ ಚೀಲ ಹೊತ್ತು ಬಂದ. ಬೆಟ್ಟದ ಬಡಗ ಜನರ ಪೈಕಿ ಹಿರಿಯ ಬೇಸಾಯಗಾರ. ಸಂತೆಗೆ ಬಂದಾಗಲೆಲ್ಲ ಗುರುಮಲ್ಲಪ್ಪನ ಮನೆಗೆ ಒಂದು ಬೊಗಸೆ ತರಕಾರಿ ಕೊಟ್ಟು ಹೋಗುವವನು. ಒದ್ದೆ ಕಂಬಳಿ ಕೊಡವುತ್ತ, "ಏನ ಅಣ್ಣಾ, ಕೂಸು ಉಂಡಿತ್ತಾ?" ಅಂದ.

ಸಿದ್ದಾಜಮ್ಮ ಎದ್ದು ನಿಂತಳು. "ಈ ಹೆಣ ತೇಲ್ಸ್ಕಂಡು ಮನ ಒಳಗ ಇಟ್ಟಿರದಾ? ತಕ್ಕ, ಮೋರಿಗ ಸುರಿ. ಮೊಗ ನನ್ಜೊತ ಹೊರಡ್ಲಿ."

ಚೆನ್ನಾಜಿ ಬೋಗುಣಿಯನ್ನು ಎರಡು ಕೈಯಲ್ಲೂ ತಬ್ಬಿಕೊಂಡಳು. "ಸುರೀಬೇಡ ಅತ್ತೆ. ಸತ್ತಿಲ್ಲ" ಅಂದಳು. ಆಮೇಲೆ, ಯಾರ ಕಡೆಗೂ ನೋಡದೆ ಅಂದಳು: "ಅವ್ವನೂ ಹಿಂಗೇ ಮಗ್ಗುಲಾಗಿ ಮಲಗಿದ್ದಳು. ಉಣ್ಣಲಿಲ್ಲ. ಎಲ್ಲಾರೂ ಬಂದು ಕರ್ಕೊಂಡು ಹೋದರು."

ಧರ್ಮಲಿಂಗಂ ಕೊಡೆ ಮಡಿಸಿದ. ನಂಜ ಚೀಲವನ್ನು ಸದ್ದಾಗದಂತೆ ನೆಲಕ್ಕಿಳಿಸಿದ. ಸಿದ್ದಾಜಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು.

"ಸರಿ ಬುಡು" ಅಂದಳು. "ಇವತ್ತು ಶ್ರಾವಣ ಸೋಮಾರ. ನಂಗೂ ಉಪಾಸ. ನಿನ್ನ ಕೆಂಪಿಗೂ ಉಪಾಸ ಅಂದ್ಕ. ಅದು ಬಾಯ್ಗ ಹಾಕ್ಕಳಗಂಟ ನಾನೂ ಹಾಕ್ಕಳಲ್ಲ. ಆಗ ಎಲ್ರೂ ಒಟ್ಗ ಉಣ್ಣವ. ಏನವ್ವ, ಒಪ್ಪಿದ್ಯಾ?"

ಚೆನ್ನಾಜಿ ತಲೆಯಾಡಿಸಿದಳು. ಸಿದ್ದಾಜಮ್ಮನ ಲೆಕ್ಕದಲ್ಲಿ ಉಪವಾಸವೆಂದರೆ ಸಂಜೆಯವರೆಗೆ. ಮೀನಿನ ಲೆಕ್ಕ ಬೇರೆ ಇತ್ತು.

ಸಂಜೆ ಕಳೆಯಿತು. ಕೆಂಪಿ ಮಗ್ಗುಲಾಗಿಯೇ ಇತ್ತು. ಸಿದ್ದಾಜಮ್ಮ ಉಪವಾಸ ಮಲಗಿದಳು. ಉಪವಾಸದ ದಿನಗಳನ್ನು ಬಿಟ್ಟರೆ ಆಕೆ ಊಟ ತಪ್ಪಿಸಿದ್ದು ಅಪ್ಪ ಸತ್ತ ದಿನ ಮಾತ್ರ, ಅವತ್ತೂ ಮಧ್ಯಾಹ್ನದ್ದೊಂದೇ. ಮಂಗಳವಾರ ಎದ್ದು ಬೋಗುಣಿಯ ಮುಂದೆ ಕೂತು ಗದರಿದಳು: "ಏಯ್, ಏಳೇ! ನೀ ಹೊಟ್ಟ ಉಬ್ಬಿ ಸಾಯ್ತ ಇದ್ದರ ನಾ ಹೊಟ್ಟ ಅಂಟ್ಕಂಡು ಸಾಯ್ತ ಇವ್ನಿ." ಮಗುವಿಗೆ ಮಾತ್ರ, ಕೆಂಪಿ ನೀರು ಕುಡಿಯುತ್ತದಲ್ಲ ಎಂಬ ನ್ಯಾಯ ತೆಗೆದು, ಲೋಟ ಲೋಟ ಹಾಲು ಕುಡಿಸಿದಳು. ಅತ್ತೆಯ ನ್ಯಾಯ ಚೆನ್ನಾಜಿಗೆ ಒಪ್ಪಿಗೆಯಾಯಿತು. ಅತ್ತೆಯ ತೊಡೆಯೂ ಒಪ್ಪಿಗೆಯಾಯಿತು. ಅಲ್ಲಿಯೇ ನಿದ್ದೆ ಹೋದಳು. ಗುರುಮಲ್ಲಪ್ಪ ಕೆಂಡದ ಅಗ್ಗಿಷ್ಟಿಕೆಯನ್ನು ಬೋಗುಣಿಯ ಬಳಿ ಎಳೆದಿಟ್ಟು, ನೀರನ್ನು ತುಸು ಇಳಿಸಿ, ಬೆರಳದ್ದಿ ಬಿಸಿ ನೋಡುತ್ತಿದ್ದ.

ಗುಂಡ್ಲುಪೇಟೆಯಿಂದ ಬಂದ ಹಿರಿಯಾಕೆ ಬೋಗುಣಿಯ ಮುಂದೆ ಅನ್ನನೀರು ಬಿಟ್ಟು ಕೂತಿದ್ದಾಳೆಂಬ ಸುದ್ದಿ ಹೊರಟಿತು. ಕುದುರೆ ವಿಷಯ ಹಿಂದೆ ಬಿತ್ತು. ಇದು ಯಾವುದೋ ಕಟ್ಟುನಿಟ್ಟಿನ ವ್ರತವೇ ಇರಬೇಕೆಂದು ತೀರ್ಮಾನವಾಗಿ, ಸಾಲುಮನೆಯ ಹೆಂಗಸರು ಮಿಂದು ಹೂವು ಹಿಡಿದು ಬಂದರು. ಕಮಲಂ ಕರ್ಪೂರ ಹಚ್ಚಿದಳು. "ಮೊದಲೇ ಹೇಳಬಾರದಾ ಸಾಮಿ, ದೇವರ ಮೀನು ಅಂತ?" ಎಂದು ಗುರುಮಲ್ಲಪ್ಪನನ್ನೇ ತರಾಟೆಗೆ ತೆಗೆದುಕೊಂಡಳು. ಇದು ವ್ರತವಲ್ಲ ಎಂದು ಕೂಗಿ ಹೇಳುವ ಶಕ್ತಿ ಸಿದ್ದಾಜಮ್ಮನಲ್ಲಿ ಉಳಿದಿರಲಿಲ್ಲ. ಒಬ್ಬಾಕೆ ಅವಳ ಕಾಲಿಗೂ ಬಿದ್ದು ಹೋದಳು.

ಬುಧವಾರ ಬೆಳಿಗ್ಗೆ ಕೆಂಪಿಯ ಹೊಟ್ಟೆ ಇಳಿದಿತ್ತು. ಮೈ ಅರ್ಧ ನೆಟ್ಟಗಾಗಿ, ಕುಡಿದವನ ಹಾಗೆ ಗೋಡೆ ಹಿಡಿದು ತೂರಾಡುತ್ತಿತ್ತು.

"ಎಳೇ ಹಸಿರು" ಎಂದು ಗುರುಮಲ್ಲಪ್ಪ ಗಡಬಡಿಸಿ ಎದ್ದ. ಹೊರಗೆ ಹುಲ್ಲು ಕೀಳಲು ಹೊರಟವನನ್ನು ಸಿದ್ದಾಜಮ್ಮ ತಡೆದು, ನಂಜ ಬಿಟ್ಟುಹೋದ ಬಟಾಣಿ ತೋರಿಸಿದಳು. ನಾಲ್ಕು ಕಾಳು ಬೇಯಿಸಿದರು. ಬೇಯಿಸಿದ ಕಾಳಿನ ಸಿಪ್ಪೆ ಸುಲಿದು ಒಳಗಿನದನ್ನು ಮಾತ್ರ ತಿನ್ನುವುದು ಮೊದಲಿನಿಂದಲೂ ಚೆನ್ನಾಜಿಯ ಅಭ್ಯಾಸ. ಹಾಗೆಯೇ ಸುಲಿದು, ಉಗುರಿನಿಂದ ಚೂರು ಮಾಡಿ, ನೀರಿಗೆ ಬಿಟ್ಟಳು. ಮೂವರೂ ಬೋಗುಣಿಯ ಸುತ್ತ ತಲೆ ಸೇರಿಸಿ ಕೂತರು. ಚೂರು ಮೆಲ್ಲಗೆ ಇಳಿಯಿತು. ಕೆಂಪಿ ಅದನ್ನು ನೋಡಿತು. ಬಾಯಿ ತೆರೆಯಿತು. ಚೂರು ಒಳಗೆ ಹೋಯಿತು, ಹೊರಗೆ ಬಂತು, ತಿರುಗಿ ಒಳಗೆ ಹೋಯಿತು.

"ನುಂಗ್ತು!" ಎಂದು ಸಿದ್ದಾಜಮ್ಮ ಕಿರುಚಿದ ಸದ್ದಿಗೆ ಕಮಲಂ ಕೈಯ ಕೊಡ ಬಿಟ್ಟು ಓಡಿ ಬಂದಳು.

"ಮಲ್ಲಪ್ಪ, ಅನ್ನ ತತ್ತಾ!"

ಅವನು ತಟ್ಟೆ ತಂದಿಟ್ಟ. ಉಪ್ಪು ತರಲೆಂದು ಒಳಗೆ ಹೋಗಿ ಬಂದ. ಅಷ್ಟರಲ್ಲಿ ಸಿದ್ದಾಜಮ್ಮ ತನಗೊಂದು, ಮಗುವಿಗೊಂದು ಎಂದು ಕಲಸಿ ಕಲಸಿ ತಟ್ಟೆ ಖಾಲಿ ಮಾಡಿದ್ದಳು. ಚೆನ್ನಾಜಿಯ ಬಾಯಿ ಗುಬ್ಬಚ್ಚಿ ಮರಿಯ ಹಾಗೆ ಮತ್ತೆ ತೆರೆದಿತ್ತು. ಅವಳು ಬೋಗುಣಿಯ ಕಡೆ ನೋಡುತ್ತಿರಲಿಲ್ಲ. ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಗುರುಮಲ್ಲಪ್ಪ ಉಪ್ಪಿನ ಬಟ್ಟಲು ಹಿಡಿದು ಅಲ್ಲೇ ನಿಂತ.

ಸಿದ್ದಾಜಮ್ಮ ಮಾತಿನ ಮನುಷ್ಯಳು. ಮಾರನೆಯ ದಿನ ಕುಕ್ಕೆ ಹಿಡಿದು ಹೊರಟು ನಿಂತಳು. "ಮೊಗ ನನ್ನ ಕಣ್ಮುಂದ ಉಂಡದ. ನಾ ಆಡಿದ್ದ ಮಾತು ಅಷ್ಟೇಯ. ನಿನ್ನ ಮಗಳು ನಿಂಗೇ ಇರ್ಲಿ." ಮೋಟಾರು ಹತ್ತುವಾಗ ಅವಳು ತಿರುಗಿ ನೋಡಲಿಲ್ಲ, ನೋಡಿದ್ದರೆ ಮಾತು ತಪ್ಪಿಬಿಡುತ್ತಿದ್ದಳು. ಗುರುಮಲ್ಲಪ್ಪ ಗೆದ್ದಿದ್ದ. ಸಾಲುಮನೆಯಲ್ಲೂ ಅವನು ಗೆದ್ದನೆಂದೇ ಎಲ್ಲರೂ ಹೇಳಿದರು.

ಅವತ್ತು ಸಂಜೆ ಅವನು ಅನ್ನ ಕಲಸಿಕೊಂಡು ಬೋಗುಣಿಯ ಪಕ್ಕ ಕೂತ. ಕೆಂಪಿ ನೆಟ್ಟಗೆ, ಹೊಳೆಯುತ್ತ, ಬಾಲ ಬೀಸುತ್ತ ಸುತ್ತು ಹಾಕುತ್ತಿತ್ತು. ಈ ಸಲ ಅವನು ಮೋಸ ಕಲಿತಿದ್ದ. ಕೆಂಪಿಗೊಂದು ತುತ್ತು ಎಂದು ಗಾಳಿಯಲ್ಲಿ ಕೈಯಾಡಿಸಿ ಮಗಳ ಬಾಯಿಯ ಬಳಿ ಹಿಡಿದ.

ಚೆನ್ನಾಜಿ ಬಾಯಿ ತೆರೆಯಲಿಲ್ಲ. "ಅತ್ತೆ ಎಲ್ಲಿ?" ಅಂದಳು.

ಮಾರನೆಯ ದಿನವೂ ಅದೇ ಮಾತು. ಅದರಾಚೆಯ ದಿನ ಅದನ್ನೂ ಆಡಲಿಲ್ಲ. ಬಟಾಣಿ ಸುಲಿದು ಕೆಂಪಿಗೆ ಹಾಕುವಳು, ಅದು ತಿನ್ನುವುದನ್ನು ನೋಡುವಳು, ಗೋಡೆಗೊರಗಿ ಕೂರುವಳು. ಗುರುಮಲ್ಲಪ್ಪ ಹಾಡು ಹೇಳಿದ, ಕುದುರೆಯ ಹಾಗೆ ಕೆನೆದ, ಹರಾಜು ಕೂಗಿ ತೋರಿಸಿದ. ಮಗು ತಂದೆಯನ್ನು ಬಹಳ ಮರ್ಯಾದೆಯಿಂದ ನೋಡಿತು. ಅವನು ಅದರ ರಟ್ಟೆಯನ್ನು ಹಿಡಿದು ನೋಡಿದ. ಅವನ ಹೆಬ್ಬೆರಳು ನಡುಬೆರಳು ಸುತ್ತಿ ಬಂದು ಒಂದಕ್ಕೊಂದು ತಾಗಿ, ಮತ್ತೂ ದಾಟಿ ಹೋದವು.

ಶನಿವಾರ ಹರಾಜು ಅಂಗಡಿಯ ದೊರೆಯ ಹತ್ತಿರ ರಜ ಕೇಳಿದ. ಲಂಗಗಳನ್ನು ಅಗ್ಗಿಷ್ಟಿಕೆಯ ಮೇಲೆ ಒಣಗಿಸಿ ಗಂಟು ಕಟ್ಟಿದ. ಯಾರೂ ಮಾತು ಹಿಡಿದು ಕೇಳದಿದ್ದರೂ, ಯಾರೂ ಬಲವಂತ ಮಾಡದಿದ್ದರೂ, ತಾನೇ ಮಗಳನ್ನೆತ್ತಿಕೊಂಡು ಮೋಟಾರು ಹತ್ತಿದ. ಗೂಡಲೂರಿನ ಘಾಟಿ ಇಳಿಯುತ್ತಿದ್ದಂತೆ ಮಂಜು ಬಿಟ್ಟು ಬಿಸಿಲು ಬಂತು. ಗುಂಡ್ಲುಪೇಟೆಯಲ್ಲಿ ಸಿದ್ದಾಜಮ್ಮ ಜಗಲಿಯಿಂದ ಎದ್ದು ಬಂದು, ಒಂದೂ ಮಾತು ಕೇಳದೆ ಮಗುವನ್ನು ಕಂಕುಳಿಗೆ ತೆಗೆದುಕೊಂಡಳು. ಒಳಗಿಂದ ಸ್ವಲ್ಪ ಹೊತ್ತಿಗೇ ತಟ್ಟೆಯ ಸದ್ದು ಕೇಳಿಸಿತು. ಮಗು ನಕ್ಕದ್ದು ಕೇಳಿಸಿತು. ಅವನು ಹೊರಗೆ ಕೂತು ಅದನ್ನು ಪೂರಾ ಕೇಳಿ, ಹೇಳದೆಯೇ ಎದ್ದು, ತಿರುಗಿ ಹೋಗುವ ಮೋಟಾರಿಗೆ ಬಂದ.

ಉದಕಮಂಡಲದಲ್ಲಿ ಇಳಿದಾಗ ಮಂಜು ಹಾಗೇ ಇತ್ತು. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ, ಕಂಬಳಿಯೊಳಗೆ ಅಡಗಿಸಿಕೊಂಡು ನಡೆದ. ನಲ್ಲಿಯ ಹತ್ತಿರ ಕಮಲಂ ಅವನ ಮುಖ ನೋಡಿ ಎದೆಗೆ ಕೈ ಹಚ್ಚಿಕೊಂಡಳು.

"ಅಯ್ಯೋ ಸಾಮಿ, ಹೋಗಿಬಿಡ್ತಾ?"

ಅವನು ಹೌದೆಂದು ತಲೆಯಾಡಿಸಿದ.

"ಪಾವಂ, ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ!" ಅವಳ ಕೂಗಿಗೆ ಅಕ್ಕಪಕ್ಕದ ಬಾಗಿಲುಗಳು ತೆರೆದವು. ಧರ್ಮಲಿಂಗಂ ಅದೇ ದಾರಿಯಲ್ಲಿ ಹೋಗುತ್ತಿದ್ದವನು ಕೊಡೆ ಓರೆ ಮಾಡಿ ನಿಂತು, "ಮನಸ್ಸಿಗೆ ಹಚ್ಕೋಬೇಡಿ ಸರ್. ಒಳ್ಳೇ ಜಾತಿಯವು ನಮ್ಮಲ್ಲೂ ಹೀಗೇ ಹೋಗ್ತವೆ" ಅಂದ. ಯಾರೋ ಎರಡು ಹೂವು ತಂದು ಅವನ ಕೈಗೆ ಕೊಟ್ಟರು. "ಇನ್ನೊಂದು ತಂದ್ಕೊಳ್ಳಿ. ಯಾರಾದ್ರೂ ದೊರೆ ಸೀಮೆಗೆ ಹೊರಟಾಗ ಸಿಗತ್ತೆ" ಅಂದರು ಇನ್ನಾರೋ. ಎಲ್ಲರ ಮುಖದಲ್ಲೂ ನಿಜವಾದ ದುಃಖವಿತ್ತು.

ಗುರುಮಲ್ಲಪ್ಪ ಬೀಗ ತೆಗೆದು ಬಾಗಿಲು ನೂಕಿದ.

"ಇಲ್ಲಮ್ಮ" ಅಂದ. "ಮೀನು ಚೆನ್ನಾಗಿದೆ."